ಗಡಿಯಾರ ಒಂದು ಗಂಟೆ ಮುಂದಿಟ್ಟರೆ ಮಲೆನಾಡಿಗೆ ಹಗಲು ಜಾಸ್ತಿ ಸಿಗುತ್ತದಾ?

ಮಂಡಗದ್ದೆ ತೋಟ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ವಾರದಿಂದ ಇದೇ ಮಾತು. ಅಮೆರಿಕದಲ್ಲಿರುವ ಅಣ್ಣನ ಮಗ ಹೇಳುವುದು ಹೀಗೆ: ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದಿಡುತ್ತಾರೆ. ಹೀಗೆ ಮುಂದಿಟ್ಟ ಸಮಯಕ್ಕೆ ಬೇಸಿಗೆ ಸಮಯ ಅನ್ನುತ್ತಾರೆ. ಬೇಸಿಗೆಯಲ್ಲಿ ಕೆಲಸ ಮುಗಿಸಿ ಮನೆಗೆ ಬಂದರೂ ಇನ್ನೂ ಬೆಳಕಿರುತ್ತದೆ. ಮಕ್ಕಳು ಆಡುತ್ತಾರೆ, ದೊಡ್ಡವರು ತಿರುಗಾಡುತ್ತಾರೆ. ನಮ್ಮಲ್ಲೂ ಹಾಗೆ ಮಾಡಿದರೆ ತೋಟದ ಕೆಲಸಕ್ಕೆ ಸಂಜೆ ಒಂದು ಗಂಟೆ ಜಾಸ್ತಿ ಸಿಗುವುದಿಲ್ಲವಾ, ಕರೆಂಟೂ ಉಳಿಯುವುದಿಲ್ಲವಾ ಅನ್ನುವುದು ಅವನ ಪ್ರಶ್ನೆ.

ನನಗೆ ಇದು ಒಪ್ಪಿಗೆ ಇಲ್ಲ. ಹಗಲಿನ ಬೆಳಕನ್ನು ನಾವು ವ್ಯರ್ಥ ಮಾಡುತ್ತಿದ್ದೇವೆ ಅನ್ನುವುದು ನಿಜ. ಆದರೆ ಗಡಿಯಾರ ಮುಟ್ಟಿದರೆ ಅದು ಸರಿಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ತೋಟಕ್ಕೆ ಕೆಲಸದವರು ಬರುವುದು ಒಂಬತ್ತು ಗಂಟೆಗೆ, ಅವರ ಊರಿನ ಬಸ್ ಆಗ ಬರುತ್ತದೆ. ಬೇಸಿಗೆಯಲ್ಲಿ ಆರು ಗಂಟೆಗೇ ಬೆಳಕು ಹರಿದಿರುತ್ತದೆ. ತಂಪಾದ ಮೂರು ಗಂಟೆ ಸುಮ್ನೆ ಹೋಯಿತು. ಆಮೇಲೆ ಹನ್ನೆರಡರ ಬಿಸಿಲಿನಲ್ಲಿ ಅವರು ಮಣ್ಣು ಹೊರಬೇಕು. ಇಲ್ಲಿ ಸರಿಮಾಡಬೇಕಾದದ್ದು ಬಸ್ ಸಮಯ, ಕೆಲಸದ ಸಮಯ. ಇಡೀ ದೇಶದ ಗಡಿಯಾರ ಯಾಕೆ ಬೇಕು?

ಲೆಕ್ಕ ಗೊತ್ತಿರುವವರು, ಹೊರದೇಶದಲ್ಲಿ ಇದನ್ನು ಅನುಭವಿಸಿದವರು, ವಿರೋಧ ಇರುವವರು ಎಲ್ಲರೂ ಬರೆಯಿರಿ.

ಸಾಗರದ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಎತ್ತಿದಿರಿ. ಭೂಗೋಳ ಕಲಿಸಿದವನು ನಾನು, ಹಾಗಾಗಿ ಮೊದಲು ಲೆಕ್ಕ ಹೇಳುತ್ತೇನೆ.

ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ 21ರ ಹಗಲು ಸುಮಾರು 12 ಗಂಟೆ 56 ನಿಮಿಷ. ಡಿಸೆಂಬರ್ 21ರ ಹಗಲು ಸುಮಾರು 11 ಗಂಟೆ 18 ನಿಮಿಷ. ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಒಂದು ಗಂಟೆ ನಲವತ್ತು ನಿಮಿಷದೊಳಗೆ. ಅದರಲ್ಲಿ ಅರ್ಧ ಬೆಳಿಗ್ಗೆಗೆ, ಅರ್ಧ ಸಂಜೆಗೆ ಹಂಚಿಹೋಗುತ್ತದೆ. ಲಂಡನ್‌ನಲ್ಲಿ ಇದೇ ವ್ಯತ್ಯಾಸ ಸುಮಾರು ಒಂಬತ್ತು ಗಂಟೆ. ಅಲ್ಲಿ ಗಡಿಯಾರ ಬದಲಿಸದೆ ಬಿಟ್ಟರೆ ಜೂನ್‌ನಲ್ಲಿ ಬೆಳಗಿನ ಜಾವ 3.43ಕ್ಕೇ ಸೂರ್ಯ ಹುಟ್ಟುತ್ತಾನೆ. ಜನ ಏಳುವ ಮೊದಲು ಮೂರು ನಾಲ್ಕು ಗಂಟೆ ಬೆಳಕು ಕಳೆದುಹೋಗುತ್ತದೆ. 1907ರಲ್ಲಿ ವಿಲಿಯಂ ವಿಲ್ಲೆಟ್ ಅನ್ನುವ ಇಂಗ್ಲೆಂಡಿನ ಕಟ್ಟಡ ಗುತ್ತಿಗೆದಾರರು ಇದನ್ನು ನೋಡಿಯೇ ಒಂದು ಕಿರುಪುಸ್ತಕ ಬರೆದರು. ಅವರ ಸಲಹೆ ಒಂದೇ ಸಲಕ್ಕೆ ಒಂದು ಗಂಟೆ ಅಲ್ಲ. ಏಪ್ರಿಲ್‌ನ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷ ಮುಂದಿಡುವುದು, ಒಟ್ಟು 80 ನಿಮಿಷ. ಅವರು 1915ರಲ್ಲಿ ತೀರಿಕೊಂಡರು. ಮರುವರ್ಷ ಯುದ್ಧದ ನಡುವೆ ಕಲ್ಲಿದ್ದಲು ಉಳಿಸಲು ಜರ್ಮನಿ ಏಪ್ರಿಲ್ 30ರಂದು ಇದನ್ನು ಜಾರಿಗೆ ತಂದಿತು, ಮೂರೇ ವಾರದಲ್ಲಿ ಬ್ರಿಟನ್ ಕೂಡ ತಂದಿತು.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಅದು ಉತ್ತರದಲ್ಲಿ ಮಿರ್ಜಾಪುರದ ಹತ್ತಿರ, ಕೆಳಗೆ ಆಂಧ್ರದ ಕಾಕಿನಾಡದ ಹತ್ತಿರ ಹಾದುಹೋಗುತ್ತದೆ. ಶಿವಮೊಗ್ಗ ಇರುವುದು 75.5 ಡಿಗ್ರಿ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಅಂದರೆ ನಮ್ಮ ಗಡಿಯಾರ ನಮ್ಮ ಸೂರ್ಯನಿಗಿಂತ ಈಗಾಗಲೇ ಸುಮಾರು 28 ನಿಮಿಷ ಮುಂದಿದೆ. ನಮ್ಮಲ್ಲಿ ಹೊತ್ತು ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸರಾಸರಿ 12.28ಕ್ಕೆ. ಪಶ್ಚಿಮದ ಅಂಚಿನಲ್ಲಿರುವ ನಾವು ವರ್ಷವಿಡೀ ಅರ್ಧ ಗಂಟೆಯ ಬೇಸಿಗೆ ಸಮಯದಲ್ಲೇ ಬದುಕುತ್ತಿದ್ದೇವೆ. ಅದರ ಮೇಲೆ ಇನ್ನೊಂದು ಗಂಟೆ ಹೇರುವುದಕ್ಕೆ ಕಾರಣ ಬೇಕಲ್ಲ?

ಹಾಲಿನ ಡೈರಿ, ಸೊರಬ

ನಮ್ಮ ಸಂಘಕ್ಕೆ ಬೆಳಿಗ್ಗೆ ಹಾಲಿನ ವಾಹನ ಬರುವ ಸಮಯ ಗಡಿಯಾರದ್ದು. ಹಸು ಸೊರ ಬಿಡುವ ಸಮಯ ಹಸುವಿನದ್ದು. ಗಡಿಯಾರ ಒಂದು ಗಂಟೆ ಮುಂದೆ ಹೋದರೆ ವಾಹನವೂ ಒಂದು ಗಂಟೆ ಮೊದಲೇ ಬರುತ್ತದೆ. ಆಗ ಹೆಂಗಸರು ನಸುಕಿಗಿಂತ ಮೊದಲೇ, ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋಗಬೇಕು. ಕರು, ಹಿಂಡಿ, ಹುಲ್ಲು ಎಲ್ಲದರ ಹೊತ್ತೂ ತಪ್ಪುತ್ತದೆ. ರೈತರಿಗೆ ಅನುಕೂಲ ಆಗಲಿ ಅಂತ ಇದನ್ನು ತಂದರು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ತಪ್ಪು. ಅಮೆರಿಕದಲ್ಲಿ 1919ರಲ್ಲಿ ಇದನ್ನು ರದ್ದು ಮಾಡಿಸುವುದಕ್ಕೆ ಜೋರಾಗಿ ನಿಂತವರೇ ರೈತರು.

ಕೊಪ್ಪದವ, ಈಗ ಲೀಡ್ಸ್

ನಾನು ಇಂಗ್ಲೆಂಡಿನ ಉತ್ತರದಲ್ಲಿದ್ದೇನೆ, ಹಾಗಾಗಿ ಈ ಬದಲಾವಣೆ ನನಗೆ ವರ್ಷಕ್ಕೆರಡು ಸಲ. ಇಲ್ಲಿ ಮಾರ್ಚ್‌ನ ಕೊನೆಯ ಭಾನುವಾರ ಮುಂದೆ, ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದೆ.

ನಿಜ ಹೇಳಬೇಕೆಂದರೆ ಜೂನ್ ತಿಂಗಳ ಸಂಜೆಗಳು ಇಲ್ಲಿ ತುಂಬ ಚೆನ್ನ. ರಾತ್ರಿ ಒಂಬತ್ತೂವರೆಗೂ ಬೆಳಕು. ಊಟ ಮಾಡಿ ಪಾರ್ಕಿಗೆ ಹೋಗಿ ಬರಬಹುದು. ಆದರೆ ಆ ಬೆಳಕು ಗಡಿಯಾರ ಕೊಟ್ಟಿದ್ದಲ್ಲ, ಅಕ್ಷಾಂಶ ಕೊಟ್ಟಿದ್ದು. ಗಡಿಯಾರ ಕೊಟ್ಟಿದ್ದು ಒಂದು ಗಂಟೆ ಮಾತ್ರ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆ ಸೂರ್ಯ ಮುಳುಗಿದಾಗ ಯಾವ ಗಡಿಯಾರವೂ ನಮ್ಮನ್ನು ಕಾಪಾಡುವುದಿಲ್ಲ. ಬೆಳಿಗ್ಗೆ ಕತ್ತಲಲ್ಲಿ ಕೆಲಸಕ್ಕೆ ಹೋಗುತ್ತೇವೆ, ಕತ್ತಲಲ್ಲೇ ವಾಪಸ್ ಬರುತ್ತೇವೆ.

ಬದಲಾಯಿಸಿದ ವಾರ ಮೈಗೆ ಹೊಂದುವುದಿಲ್ಲ. ಮಾರ್ಚ್‌ನಲ್ಲಿ ಒಂದು ಗಂಟೆ ನಿದ್ದೆ ಹೋಗುತ್ತದೆ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಾಲ್ಕೈದು ದಿನ ರಂಪ. ಸ್ವೀಡನ್‌ನಲ್ಲಿ ನಡೆದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮಾರ್ಚ್ ಬದಲಾವಣೆಯ ನಂತರದ ದಿನಗಳಲ್ಲಿ ಹೃದಯಾಘಾತ ಸ್ವಲ್ಪ ಹೆಚ್ಚಾಗುತ್ತದೆ ಅಂತ ಅದರಲ್ಲಿ ಕಂಡುಬಂತು.

ಯುರೋಪಿನವರಿಗೇ ಇದು ಸಾಕಾಗಿದೆ. 2018ರಲ್ಲಿ ಯುರೋಪಿಯನ್ ಒಕ್ಕೂಟ ಜನರ ಅಭಿಪ್ರಾಯ ಕೇಳಿದಾಗ 46 ಲಕ್ಷ ಉತ್ತರ ಬಂದವು, ಅದರಲ್ಲಿ ಶೇ. 84 ಮಂದಿ ಬೇಡ ಅಂದರು. 2019ರಲ್ಲಿ ಅಲ್ಲಿನ ಸಂಸತ್ತು ನಿಲ್ಲಿಸುವ ಪರವಾಗಿ ಮತ ಹಾಕಿತು. ಆದರೆ ಯಾವ ಸಮಯವನ್ನು ಕಾಯಂ ಮಾಡಬೇಕು ಅನ್ನುವಲ್ಲಿ ದೇಶಗಳು ಒಪ್ಪಂದಕ್ಕೆ ಬರದೆ ಅದು ಅಲ್ಲೇ ನಿಂತಿದೆ. ಒಮ್ಮೆ ಶುರು ಮಾಡಿದರೆ ಬಿಡಿಸಿಕೊಳ್ಳುವುದು ಸುಲಭ ಅಲ್ಲ.

ಗಾಂಧಿ ಬಜಾರ್ ಅಂಗಡಿ

ಎಲ್ಲರೂ ಒಂದೇ ಕಡೆ ವಾಲಿದ್ದೀರಿ, ನಾನು ಇನ್ನೊಂದು ಕಡೆ ನಿಲ್ಲುತ್ತೇನೆ. ವರ್ಷಕ್ಕೆರಡು ಸಲ ತಿರುಗಿಸುವುದು ನನಗೂ ಬೇಡ. ಆದರೆ ಒಂದೇ ಸಲ ಅರ್ಧ ಗಂಟೆ ಮುಂದಿಟ್ಟು ಹಾಗೆಯೇ ಬಿಟ್ಟುಬಿಡುವ ಸಲಹೆ ಇದೆ. ಬೆಂಗಳೂರಿನ ನಿಯಾಸ್ ಸಂಶೋಧನಾ ಸಂಸ್ಥೆಯ ದಿಲೀಪ್ ಅಹುಜಾ ಮತ್ತು ಡಿ.ಪಿ. ಸೆನ್‌ಗುಪ್ತಾ ಅವರು ಲೆಕ್ಕ ಹಾಕಿ ಕೊಟ್ಟ ಸಲಹೆ ಅದು. ಇಡೀ ದೇಶಕ್ಕೆ ವರ್ಷಕ್ಕೆ 200 ಕೋಟಿ ಯೂನಿಟ್‌ಗಿಂತ ಜಾಸ್ತಿ ವಿದ್ಯುತ್ ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. ಸಂಜೆ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕುವ ಹೊತ್ತಿನ ಹೊರೆ ಇಳಿಯುತ್ತದೆ.

ನನ್ನ ಅನುಭವವನ್ನೂ ಹೇಳುತ್ತೇನೆ. ನವೆಂಬರ್ ತಿಂಗಳಲ್ಲಿ ಆರು ಗಂಟೆಗೆ ಸರಿಯಾಗಿ ಕತ್ತಲು ಕವಿಯುತ್ತದೆ. ಹಳ್ಳಿ ಕಡೆಯಿಂದ ಬಂದ ಗಿರಾಕಿಗಳು ಐದೂವರೆಗೇ ಬಸ್ ಸ್ಟ್ಯಾಂಡ್ ಕಡೆ ಓಡುತ್ತಾರೆ. ಬಟ್ಟೆ ಆರಿಸುತ್ತಿದ್ದವರು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾರೆ. ಇನ್ನರ್ಧ ಗಂಟೆ ಬೆಳಕಿದ್ದರೆ ಅವರಿಗೂ ನೆಮ್ಮದಿ, ನಮಗೂ ವ್ಯಾಪಾರ. ಶಾಲೆ ಬಿಟ್ಟ ಮಕ್ಕಳಿಗೆ ಆಟಕ್ಕೂ ಹೊತ್ತು ಸಿಗುತ್ತದೆ. ಇದು ಕೆಟ್ಟ ಯೋಚನೆ ಅಂತ ಯಾಕೆ ಅನ್ನುತ್ತೀರಿ?

ಹೊಸನಗರ ಅಮ್ಮ

ಅಣ್ಣ, ನಿಮ್ಮ ಅಂಗಡಿಯ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ ಸಂಜೆಗೆ ಕೊಟ್ಟ ಆ ಅರ್ಧ ಗಂಟೆಯನ್ನು ಬೆಳಿಗ್ಗೆಯಿಂದ ಕಿತ್ತುಕೊಳ್ಳುತ್ತಾರೆ. ಆ ಬೆಳಿಗ್ಗೆ ನನ್ನ ಮಗಳದ್ದು.

ಅವಳು ಈ ವರ್ಷ ಹತ್ತನೇ ಕ್ಲಾಸು. ಜನವರಿಯಿಂದ ಬೆಳಿಗ್ಗೆ ಸ್ಪೆಷಲ್ ಕ್ಲಾಸ್. ನಮ್ಮ ಮನೆಯಿಂದ ಬಸ್ ನಿಲ್ಲುವ ರಸ್ತೆಗೆ ಕಾಡಿನ ದಾರಿ. ಬಸ್ಸಿಗೆ ಆರೂವರೆಗೆ ಅಲ್ಲಿರಬೇಕು. ಜನವರಿಯಲ್ಲಿ ಆ ಹೊತ್ತಿಗೆ ನಮ್ಮಲ್ಲಿ ಬೆಳಕು ಬಂದಿರುವುದೇ ಇಲ್ಲ. ಇಬ್ಬನಿ, ಚಳಿ, ಮಂಜು. ಹತ್ತು ಮಾರು ದೂರದ ಮರ ಕಾಣುವುದಿಲ್ಲ. ಕಾಡುಕೋಣ ರಸ್ತೆಯಲ್ಲೇ ನಿಂತಿರುತ್ತವೆ. ನಾನೋ ಅವಳ ಅಪ್ಪನೋ ಟಾರ್ಚ್ ಹಿಡಿದು ಬಿಟ್ಟು ಬರುತ್ತೇವೆ. ಮನೆಯಲ್ಲಿ ಹಾಗೆ ಬಿಟ್ಟು ಬರುವ ಜನ ಇಲ್ಲದ ಮಕ್ಕಳೂ ನಮ್ಮ ಊರಲ್ಲಿದ್ದಾರೆ. ಅವರು ಒಬ್ಬೊಬ್ಬರೇ ಬರುತ್ತಾರೆ, ಇಲ್ಲವೇ ಕ್ಲಾಸ್ ಬಿಡುತ್ತಾರೆ.

ಈಗಲೇ ಹೀಗಿದೆ. ಇನ್ನೂ ಅರ್ಧ ಗಂಟೆ ಗಡಿಯಾರ ಮುಂದೆ ಹೋದರೆ ಆ ಮಕ್ಕಳು ನಡುರಾತ್ರಿಯಂಥ ಕತ್ತಲಲ್ಲಿ ನಡೆಯಬೇಕು. ಮೇಷ್ಟ್ರೇ, ಸಂಕ್ರಾಂತಿ ಕಳೆದರೂ ಬೆಳಗು ತಡ ಆಗುತ್ತಲೇ ಹೋಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಇದು ನಿಜವಾ, ನನ್ನ ಭ್ರಮೆಯಾ?

ಸಾಗರದ ಮೇಷ್ಟ್ರು

ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ ತಾಯಿ. ಡಿಸೆಂಬರ್ 21 ಅತಿ ಚಿಕ್ಕ ಹಗಲು ಹೌದು, ಆದರೆ ಅತಿ ತಡವಾದ ಸೂರ್ಯೋದಯ ಆ ದಿನ ಅಲ್ಲ. ಭೂಮಿಯ ಕಕ್ಷೆ ಪೂರ್ಣ ವೃತ್ತ ಅಲ್ಲ, ಅಕ್ಷವೂ ಓರೆಯಾಗಿದೆ. ಅದರಿಂದ ಸೂರ್ಯ ನೆತ್ತಿಗೆ ಬರುವ ಹೊತ್ತು ವರ್ಷದಲ್ಲಿ ಹಿಂದೆ ಮುಂದೆ ಆಗುತ್ತಿರುತ್ತದೆ. ನವೆಂಬರ್ ಮೊದಲ ವಾರ ಅದು ನಮ್ಮಲ್ಲಿ 12.11ರ ಹೊತ್ತಿಗೆ, ಫೆಬ್ರವರಿ ಎರಡನೇ ವಾರ 12.42ರ ಹೊತ್ತಿಗೆ. ಹಾಗಾಗಿ ಶಿವಮೊಗ್ಗದಲ್ಲಿ ಅತಿ ಬೇಗ ಕತ್ತಲಾಗುವುದು ನವೆಂಬರ್ 20ರ ಸುಮಾರಿಗೆ, 5.56ಕ್ಕೆ. ಅತಿ ತಡವಾಗಿ ಬೆಳಗಾಗುವುದು ಜನವರಿ ಕೊನೆಯ ವಾರ, ಸುಮಾರು 6.56ಕ್ಕೆ. ಅಂಗಡಿಯವರ ನವೆಂಬರ್ ಸಂಜೆಯೂ ಸರಿ, ನಿಮ್ಮ ಜನವರಿ ಬೆಳಗೂ ಸರಿ. ಗಡಿಯಾರವನ್ನು ಅರ್ಧ ಗಂಟೆ ಕಾಯಂ ಮುಂದಿಟ್ಟರೆ ಆ ಸೂರ್ಯೋದಯ ಸುಮಾರು 7.26 ಆಗುತ್ತದೆ.

ಅಮೆರಿಕ ಇದನ್ನು ಒಮ್ಮೆ ಮಾಡಿ ನೋಡಿದೆ. ತೈಲ ಬಿಕ್ಕಟ್ಟಿನ ಸಮಯದಲ್ಲಿ 1974ರ ಜನವರಿ 6ರಿಂದ ಅಲ್ಲಿ ಚಳಿಗಾಲದಲ್ಲೂ ಬೇಸಿಗೆ ಸಮಯ ಇಟ್ಟರು. ಮಕ್ಕಳು ಕತ್ತಲಲ್ಲಿ ಶಾಲೆಗೆ ಹೋಗಬೇಕಾಯಿತು, ತಂದೆ ತಾಯಿಗಳು ಗಲಾಟೆ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಂಸತ್ತು ಅದನ್ನು ಕೈಬಿಟ್ಟಿತು.

ಗಾಂಧಿ ಬಜಾರ್ ಅಂಗಡಿ

ಸರಿ ಮೇಷ್ಟ್ರೇ, ಜನವರಿ ಬೆಳಗಿನ ಮಾತು ಒಪ್ಪುತ್ತೇನೆ. ಆ ಅಕ್ಕನ ಮಗಳು ಕತ್ತಲಲ್ಲಿ ನಡೆಯುವುದು ನನಗೂ ಬೇಡ. ಆದರೆ ವಿದ್ಯುತ್ ಲೆಕ್ಕಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. 200 ಕೋಟಿ ಯೂನಿಟ್ ಕಡಿಮೆ ಮಾತಲ್ಲ.

ಕಾರ್ಗಲ್, ಪವರ್‌ಹೌಸ್ ನಿವೃತ್ತ

ವಿದ್ಯುತ್ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಕೆಲಸದ ಜೀವನ ಪೂರ್ತಿ ಶರಾವತಿ ಕಣಿವೆಯಲ್ಲೇ ಕಳೆಯಿತು.

ಸಂಜೆ ಆರರಿಂದ ಹತ್ತರವರೆಗೆ ಪೀಕ್ ಅವರ್. ಆ ಹೊತ್ತಿಗೆ ಬೇಗ ಚಾಲು ಮಾಡಿ ಬೇಗ ನಿಲ್ಲಿಸಬಹುದಾದದ್ದು ಜಲವಿದ್ಯುತ್. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟ್‌ನ ಹತ್ತು ಘಟಕಗಳಿವೆ, ಒಟ್ಟು 1035 ಮೆಗಾವಾಟ್. ರಾಜ್ಯದಲ್ಲಿ ಸಂಜೆ ದೀಪ ಹತ್ತುವಾಗ ಲಿಂಗನಮಕ್ಕಿಯ ನೀರು ಇಳಿಯುತ್ತದೆ. ಆ ಅಣೆಕಟ್ಟಿಗೆ ಮನೆ, ಗದ್ದೆ, ದೇವಸ್ಥಾನ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಈ ಚರ್ಚೆಯಲ್ಲೂ ಇರಬಹುದು. ಸಂಜೆಯ ಪ್ರತಿ ಯೂನಿಟ್ ಎಲ್ಲಿಂದ ಬರುತ್ತದೆ ಅಂತ ನಮಗೆ ಗೊತ್ತು. ಹಾಗಾಗಿ ಉಳಿಸುವ ಯಾವ ದಾರಿಯನ್ನೂ ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ.

ಆದರೆ ಗಡಿಯಾರದಿಂದ ಉಳಿತಾಯ ಅನ್ನುವ ಲೆಕ್ಕ ಬಲ್ಬಿನ ಕಾಲದ್ದು. ಮನೆಯಲ್ಲಿ 60 ವಾಟಿನ ಬಲ್ಬ್ ಇದ್ದಾಗ ಒಂದು ಗಂಟೆ ತಡವಾಗಿ ಹಾಕಿದರೆ ಉಳಿತಾಯ ಕಾಣುತ್ತಿತ್ತು. ಈಗ ಅದೇ ಬೆಳಕನ್ನು 9 ವಾಟಿನ ಎಲ್‌ಇಡಿ ಕೊಡುತ್ತದೆ. ಈಗಿನ ಹೊರೆ ಫ್ಯಾನು, ಫ್ರಿಜ್ಜು, ಮಿಕ್ಸಿ, ಗೀಸರು, ಏಸಿ, ಪಂಪ್‌ಸೆಟ್ಟು. ಅದ್ಯಾವುದೂ ಸೂರ್ಯ ಮುಳುಗಿದನಾ ಅಂತ ನೋಡುವುದಿಲ್ಲ. ಅಮೆರಿಕದ ಇಂಡಿಯಾನಾ ರಾಜ್ಯ 2006ರಲ್ಲಿ ಪೂರ್ತಿಯಾಗಿ ಈ ಪದ್ಧತಿಗೆ ಬಂದಿತು. ಅಲ್ಲಿನ ಮನೆಗಳ ಬಿಲ್ಲುಗಳನ್ನು ಇಟ್ಟುಕೊಂಡು ಇಬ್ಬರು ಅರ್ಥಶಾಸ್ತ್ರಜ್ಞರು ನೋಡಿದಾಗ ಬಳಕೆ ಸುಮಾರು ಶೇ. 1ರಷ್ಟು ಹೆಚ್ಚೇ ಆಗಿತ್ತು. ದೀಪದಲ್ಲಿ ಉಳಿದದ್ದನ್ನು ಏಸಿ ಮತ್ತು ಹೀಟರ್ ತಿಂದುಹಾಕಿದ್ದವು. ಅಲ್ಲಿನ ಕೇಂದ್ರ ಇಂಧನ ಇಲಾಖೆ 2008ರಲ್ಲಿ ಬೇರೆ ಲೆಕ್ಕ ಕೊಟ್ಟಿತು. ಅವಧಿ ವಿಸ್ತರಿಸಿದ ದಿನಗಳಲ್ಲಿ ದಿನಕ್ಕೆ ಶೇ. 0.5ರಷ್ಟು ಉಳಿತಾಯ ಅಂತ. ಅಂದರೆ ಉಳಿದರೂ ಚೂರು.

ನಮಗೆ ಬೇಕಾಗಿರುವುದು ಬೇರೆ. ಈಗ ಹಗಲಿನಲ್ಲಿ ಸೋಲಾರ್ ವಿದ್ಯುತ್ ಬೇಕಾದಷ್ಟಿದೆ. ಪಾವಗಡ ಒಂದರಲ್ಲೇ 2050 ಮೆಗಾವಾಟ್. ಸೂರ್ಯ ಇಳಿಯುತ್ತಿದ್ದಂತೆ ಅದು ನಿಂತುಹೋಗುತ್ತದೆ. ಆ ಕೊರತೆ ತುಂಬಲೆಂದೇ ನಮ್ಮ ಶರಾವತಿಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿರುವುದು. ಹಗಲು ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತುವುದು, ಸಂಜೆ ಇಳಿಸುವುದು. ಸಿಂಗಳೀಕದ ಕಾಡಿನ ನಡುವೆ. ಅದು ಬೇಕಾ ಬೇಡವಾ ಅಂತ ಜಿಲ್ಲೆಯೇ ಎರಡಾಗಿದೆ, ನನ್ನ ಮನಸ್ಸು ಬೇಡ ಅನ್ನುವ ಕಡೆಗಿದೆ. ಸಂಜೆಯ ಹೊರೆಯನ್ನು ಹಗಲಿಗೆ ತರುವುದು ಅಷ್ಟು ಮುಖ್ಯ. ತರಬೇಕಾದದ್ದು ಮಾತ್ರ ಗಡಿಯಾರದಿಂದ ಅಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಹಗಲಲ್ಲೇ ಕೊಡಿ. ಈಗ ಎಷ್ಟು ಕಡೆ ರಾತ್ರಿ ಪಾಳಿಯಲ್ಲಿ ಬರುತ್ತದೆ ಹೇಳಿ? ರೈತ ಹಾವು, ಕಾಡುಪ್ರಾಣಿಗೆ ಹೆದರಿಕೊಂಡು ಮಧ್ಯರಾತ್ರಿ ಮೋಟಾರು ಹಾಕಲು ಹೋಗುತ್ತಾನೆ. ಹಗಲು ಸೋಲಾರ್ ಇದ್ದಾಗ ಅವನಿಗೆ ಕರೆಂಟ್ ಇಲ್ಲ ಅಂದರೆ ಹಗಲು ವ್ಯರ್ಥ ಆಗುವುದು ಅಲ್ಲಿ.

ನೈಟ್ ಶಿಫ್ಟ್, ಬೆಂಗಳೂರು (ಊರು ರಿಪ್ಪನ್‌ಪೇಟೆ)

ಅಮೆರಿಕದ ಗಡಿಯಾರ ಬದಲಾದಾಗ ನಮ್ಮ ಜೀವನವೂ ಬದಲಾಗುತ್ತದೆ. ಬೇಸಿಗೆಯಲ್ಲಿ ನ್ಯೂಯಾರ್ಕಿಗೂ ನಮಗೂ ಒಂಬತ್ತೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹತ್ತೂವರೆ. ರಾತ್ರಿ ಎಂಟೂವರೆಯ ಮೀಟಿಂಗ್ ನವೆಂಬರ್ ಬಂದ ಕೂಡಲೇ ಒಂಬತ್ತೂವರೆಗೆ ಹೋಗುತ್ತದೆ. ಅಮೆರಿಕ ಮತ್ತು ಯುರೋಪು ಬೇರೆ ಬೇರೆ ಭಾನುವಾರ ಬದಲಾಯಿಸುವುದರಿಂದ ಮಾರ್ಚ್‌ನಲ್ಲಿ ಎರಡು ಮೂರು ವಾರ ಯಾರಿಗೆ ಯಾವ ಸಮಯ ಅನ್ನುವುದೇ ಗೊಂದಲ. ಮನೆಯಲ್ಲಿ ಅಮ್ಮ ಊಟಕ್ಕೆ ಕಾಯುತ್ತಾರೆ. ದಯವಿಟ್ಟು ನಮ್ಮ ದೇಶವೂ ಅದರಲ್ಲಿ ಸೇರುವುದು ಬೇಡ.

ಕಲಬುರಗಿಯಲ್ಲಿದ್ದ ಶಿಕಾರಿಪುರದವ

ನಾನು ಸರ್ಕಾರಿ ಕೆಲಸದಲ್ಲಿ ಕಲಬುರಗಿಯಲ್ಲಿದ್ದೆ. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬಿಸಿಲು ಏರುವ ಮೊದಲೇ ಜನರ ಕೆಲಸ ಮುಗಿಯುತ್ತದೆ. ಯಾರೂ ಗಡಿಯಾರ ಮುಟ್ಟುವುದಿಲ್ಲ. ಒಂದು ಆದೇಶ ಹೊರಡುತ್ತದೆ, ಅಷ್ಟೇ. ಪಂಜಾಬ್ ಸರ್ಕಾರವೂ 2023ರ ಮೇ 2ರಿಂದ ಜುಲೈ 15ರವರೆಗೆ ಕಚೇರಿ ಸಮಯವನ್ನು ಬೆಳಿಗ್ಗೆ 7.30ರಿಂದ ಮಧ್ಯಾಹ್ನ 2ಕ್ಕೆ ಮಾಡಿತು. ಕಾರಣ ವಿದ್ಯುತ್ ಉಳಿತಾಯ. ನಮ್ಮ ಜಿಲ್ಲೆಗೆ ಬೇಕಾದದ್ದು ಇಂಥದ್ದು, ಆದರೆ ನಮ್ಮ ಹವಾಮಾನಕ್ಕೆ ತಕ್ಕ ಹಾಗೆ.

ಸಾಗರದ ಮೇಷ್ಟ್ರು

ಬಹಳ ಸರಿಯಾದ ಮಾತು. ನಮ್ಮ ನೆರೆಯ ದೇಶಗಳ ಕಥೆಯನ್ನೂ ಸೇರಿಸುತ್ತೇನೆ, ಯಾಕೆಂದರೆ ಲಂಡನ್ನಿಗಿಂತ ಅವು ನಮಗೆ ಹೆಚ್ಚು ಹೋಲುತ್ತವೆ. ಶ್ರೀಲಂಕಾ 1996ರಲ್ಲಿ ವಿದ್ಯುತ್ ಕೊರತೆಯಿಂದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು. ಅದೇ ವರ್ಷ ಅರ್ಧ ಗಂಟೆ ಹಿಂದೆ ತಂದಿತು. 2006ರ ಏಪ್ರಿಲ್‌ನಲ್ಲಿ ಉಳಿದ ಅರ್ಧ ಗಂಟೆಯನ್ನೂ ತೆಗೆದು ನಮ್ಮ ಸಮಯಕ್ಕೇ ವಾಪಸ್ ಬಂದಿತು. ಬಾಂಗ್ಲಾದೇಶ 2009ರ ಜೂನ್‌ನಲ್ಲಿ ಒಂದು ಗಂಟೆ ಮುಂದಿಟ್ಟು ಆ ವರ್ಷದ ಕೊನೆಗೆ ಬಿಟ್ಟಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 1992ರಲ್ಲಿ ಜನಮತ ತೆಗೆದುಕೊಂಡಾಗ ಬೇಡ ಅಂದವರೇ ಹೆಚ್ಚು. ಅದರ ಉತ್ತರ ಭಾಗ ನಮ್ಮಂತೆಯೇ ಉಷ್ಣವಲಯ.

ಭಾರತವೂ ಮಾಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ನಮ್ಮ ಗಡಿಯಾರ ಒಂದು ಗಂಟೆ ಮುಂದಿತ್ತು. ಯುದ್ಧ ಮುಗಿದ ಕೂಡಲೇ ತೆಗೆದರು.

ಅಂಗಡಿಯವರ ಅರ್ಧ ಗಂಟೆ ಸಲಹೆಯಿಂದ ನಿಜವಾದ ಅನುಕೂಲ ಪೂರ್ವ ಭಾರತಕ್ಕೆ. ಗುವಾಹಟಿಯಲ್ಲಿ ಜೂನ್‌ನಲ್ಲಿ ನಾಲ್ಕೂವರೆಗೆ ಸೂರ್ಯೋದಯ, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆ ಹೊತ್ತಿಗೆ ಸೂರ್ಯಾಸ್ತ. ಅವರ ಕಷ್ಟ ದೊಡ್ಡದು. ಅಸ್ಸಾಮಿನ ಚಹಾ ತೋಟಗಳು ಬಹಳ ಕಾಲದಿಂದ ಒಂದು ಗಂಟೆ ಮುಂದಿನ ತಮ್ಮದೇ ಬಾಗಾನ್ ಸಮಯದಲ್ಲಿ ಕೆಲಸ ಮಾಡುತ್ತವೆ. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದವರು 2018ರಲ್ಲಿ ಈಶಾನ್ಯಕ್ಕೆ ಬೇರೆ ಕಾಲಮಾನ ಇರಲಿ ಅಂತ ಬರೆದರು. ಅವರಿಗೆ ಅದು ಸಿಗಲಿ ಅಂತ ನನ್ನ ಆಸೆ. ಅವರ ಕಷ್ಟಕ್ಕೆ ಪರಿಹಾರ ಅಂತ ನಮ್ಮ ಜನವರಿ ಬೆಳಗನ್ನು ಕತ್ತಲು ಮಾಡುವುದು ಬೇಡ.

ಮಂಡಗದ್ದೆ ತೋಟ

ಎಲ್ಲರ ಬರಹ ಓದಿದೆ. ನನ್ನ ಮನಸ್ಸಿನಲ್ಲಿರುವ ಮುಖ್ಯ ವಿಷಯ ಇನ್ನೂ ಬಂದಿಲ್ಲ, ಅದನ್ನು ಹೇಳಿಬಿಡುತ್ತೇನೆ.

ಬೇಸಿಗೆ ಸಮಯ ಅನ್ನುವ ಯೋಚನೆ ನಿಂತಿರುವುದು ಒಂದು ನಂಬಿಕೆ ಮೇಲೆ. ಜೂನ್, ಜುಲೈನಲ್ಲಿ ಬೆಳಕು ಜಾಸ್ತಿ, ಅದನ್ನು ಸಂಜೆಗೆ ಸರಿಸಿ ಬಳಸಿಕೊಳ್ಳೋಣ ಅನ್ನುವುದು. ಮಲೆನಾಡಿನಲ್ಲಿ ಜೂನ್, ಜುಲೈ ಹೇಗಿರುತ್ತದೆ? ಪಂಚಾಂಗದ ಪ್ರಕಾರ ವರ್ಷದ ಅತಿ ಉದ್ದದ ಹಗಲು. ಅಂಗಳದಲ್ಲಿ ನಿಂತರೆ ವರ್ಷದ ಅತಿ ಮಂಕಾದ ಹಗಲು. ಆಗುಂಬೆ, ಹುಲಿಕಲ್ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಮೋಡ ಕೂತರೆ ಮಧ್ಯಾಹ್ನ ಮೂರಕ್ಕೇ ಅಡುಗೆಮನೆಗೆ ದೀಪ ಬೇಕು. ಆರು ದಿನ ಸೂರ್ಯನ ಮುಖ ಕಾಣದೆ ಇರುವುದು ನಮಗೆ ಹೊಸತಲ್ಲ. ಸೂರ್ಯ ಏಳಕ್ಕೆ ಮುಳುಗಿದರೂ ಎಂಟಕ್ಕೆ ಮುಳುಗಿದರೂ ಆ ಕತ್ತಲು ಅಲ್ಲೇ ಇರುತ್ತದೆ.

ಗುಡ್ಡದ ಮಾತೂ ಇದೆ. ನಮ್ಮ ತೋಟ ಹಳ್ಳದ ಪಕ್ಕ, ಪೂರ್ವಕ್ಕೆ ಗುಡ್ಡ. ಸೂರ್ಯೋದಯ ಆಗಿ ಒಂದು ಗಂಟೆ ಕಳೆದ ಮೇಲೆ ನಮ್ಮ ಅಡಿಕೆ ಮರದ ತುದಿಗೆ ಬಿಸಿಲು ಬೀಳುತ್ತದೆ. ಗುಡ್ಡದ ಆಚೆ ಮಗ್ಗುಲಿನ ಭಾವನ ತೋಟಕ್ಕೆ ಬೆಳಿಗ್ಗೆಯೇ ಬಿಸಿಲು, ಸಂಜೆ ಬೇಗ ನೆರಳು. ಒಂದೇ ಊರಿನ ಎರಡು ಮನೆಗೆ ಎರಡು ಬಗೆಯ ಹಗಲು.

ಕೆಲಸಗಳನ್ನೇ ನೋಡಿ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಬೇಕಾದರೆ ಮಳೆ ಬಿಟ್ಟು ಗೊನೆ ಆರಬೇಕು. ಮೈಲುತುತ್ತ, ಸುಣ್ಣ ಕಲಸಿಟ್ಟುಕೊಂಡು ಆಕಾಶ ನೋಡುತ್ತಾ ಕೂತಿರುತ್ತೇವೆ. ಬಿಡುವು ಹನ್ನೊಂದಕ್ಕೆ ಸಿಕ್ಕರೆ ಹನ್ನೊಂದಕ್ಕೆ, ನಾಲ್ಕಕ್ಕೆ ಸಿಕ್ಕರೆ ನಾಲ್ಕಕ್ಕೆ. ಅಡಿಕೆ ಗೊನೆ ಕೊಯ್ಯುವಾಗ ಇಬ್ಬನಿ ಆರದೆ ಕೊನೆಗಾರ (ಮರ ಹತ್ತಿ ಗೊನೆ ಕೊಯ್ಯುವವ) ಮರ ಹತ್ತುವುದಿಲ್ಲ, ಹತ್ತಲೂಬಾರದು, ಮರ ಜಾರುತ್ತದೆ. ಈಗ ಕಾರ್ಬನ್ ದೋಟಿ (ಉದ್ದದ ಹಗುರ ಕೊಯ್ಲಿನ ಕೋಲು) ಬಂದು ನೆಲದಲ್ಲೇ ನಿಂತು ಕೊಯ್ಯುವುದು ಶುರುವಾಗಿದೆ, ಅದರಿಂದ ಬೆಳಗಿನ ಒಂದು ಗಂಟೆ ನಿಜವಾಗಿಯೂ ಉಳಿದಿದೆ. ಬೇಯಿಸಿದ ಅಡಿಕೆ ಒಣಗುವುದಕ್ಕೆ ಹತ್ತರಿಂದ ನಾಲ್ಕರ ಖಡಕ್ ಬಿಸಿಲು ಬೇಕು. ಅಕ್ಟೋಬರ್‌ನಲ್ಲಿ ಅಕಾಲ ಮಳೆ ಬಂದರೆ ಅಂಗಳದ ಅಡಿಕೆ ಬೂಸಲು ಹಿಡಿಯುತ್ತದೆ. ಹೊಗೆ ಅಟ್ಟ, ಡ್ರೈಯರ್ ಇದ್ದವರು ಬಚಾವು. ಹಗಲನ್ನು ಉಪಯೋಗ ಮಾಡಿಕೊಳ್ಳುವುದು ಅಂದರೆ ನಮಗೆ ಇದು. ಊರಿಗೊಂದು ಸಾಮೂಹಿಕ ಡ್ರೈಯರ್ ಸಿಕ್ಕರೆ ಅದು ಎಷ್ಟೋ ಗಂಟೆ ಬಿಸಿಲು ಕೊಟ್ಟ ಹಾಗೆ.

ಗಡಿಯಾರಕ್ಕೆ ನಿಜವಾಗಿ ಸಿಕ್ಕಿಬಿದ್ದಿರುವುದು ನಾಲ್ಕೇ: ಶಾಲೆ, ಬಸ್ಸು, ಕೂಲಿ ಸಮಯ, ಪಂಪ್‌ಸೆಟ್ಟಿನ ಕರೆಂಟು. ನಾಲ್ಕನ್ನೂ ಇಲ್ಲೇ, ಈ ಜಿಲ್ಲೆಯಲ್ಲೇ ಸರಿಸಬಹುದು. ಕೂಲಿ ಸಮಯದ ಬಗ್ಗೆ ನಾವು ನಾಲ್ಕೈದು ಮನೆಯವರು ಕೆಲಸದವರ ಜೊತೆ ಕೂತು ಮಾತಾಡಿದ್ದೇವೆ. ಮಾರ್ಚ್‌ನಿಂದ ಮೇ ವರೆಗೆ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡು, ಕೂಲಿ ಅಷ್ಟೇ. ಕರೆದುಕೊಂಡು ಬರಲು ನಮ್ಮದೇ ಪಿಕಪ್. ಹೆಂಗಸರು ಮೊದಲು ಅನುಮಾನ ಪಟ್ಟರು, ಬೆಳಿಗ್ಗೆ ಮನೆ ಕೆಲಸ ಯಾರು ಮಾಡುವುದು ಅಂತ. ಅದು ನ್ಯಾಯವಾದ ಪ್ರಶ್ನೆ. ಅವರಿಗೆ ಎಂಟಕ್ಕೆ ಬಂದು ಮೂರಕ್ಕೆ ಹೋಗುವ ಹಾಗೆ ಒಪ್ಪಿಕೊಂಡೆವು.

ಗಾಂಧಿ ಬಜಾರ್ ಅಂಗಡಿ

ಸರಿ, ಹಾಗಾದರೆ ನನ್ನ ನವೆಂಬರ್ ಸಂಜೆಗೂ ಒಂದು ದಾರಿ ಹೇಳಿ. ಗಡಿಯಾರ ಬೇಡ ಅಂದರೆ ಹಳ್ಳಿಗೆ ಹೋಗುವ ಕೊನೆ ಬಸ್ಸು ಅರ್ಧ ಗಂಟೆ ತಡ ಆಗಲಿ. ಸಂಜೆ ಆರಕ್ಕೆ ಕೊನೆ ಟ್ರಿಪ್ ಅಂದರೆ ಬಂದವರು ಹೆದರಿ ಓಡದೆ ಏನು ಮಾಡುತ್ತಾರೆ? ನಮ್ಮ ವರ್ತಕರ ಕಡೆಯಿಂದ ಇದನ್ನು ಬರೆದುಕೊಡಲು ನಾನು ತಯಾರು.

ಹೊಸನಗರ ಅಮ್ಮ

ಅಣ್ಣ, ಅದನ್ನು ಖಂಡಿತ ಬರೆದುಕೊಡಿ. ಕೊನೆ ಬಸ್ಸು ತಡ ಆದರೆ ನಮಗೂ ದಾರಿ ಸಿಗುತ್ತದೆ. ಸ್ಪೆಷಲ್ ಕ್ಲಾಸನ್ನು ಬೆಳಿಗ್ಗೆ ಬದಲು ಸಂಜೆ ಇಡಿ ಅಂತ ಕಳೆದ ಸಭೆಯಲ್ಲಿ ನಾವು ಕೇಳಿದ್ದೆವು. ಮಕ್ಕಳು ವಾಪಸ್ ಹೋಗಲು ಬಸ್ಸಿಲ್ಲ ಅಂತ ಉತ್ತರ ಬಂತು. ಮೇಷ್ಟ್ರ ಲೆಕ್ಕದ ಪ್ರಕಾರ ಜನವರಿ ಕೊನೆಗೆ ಸಂಜೆ ಎಷ್ಟು ಹೊತ್ತಿನವರೆಗೆ ಬೆಳಕಿರುತ್ತದೆ?

ಸಾಗರದ ಮೇಷ್ಟ್ರು

ಸೂರ್ಯಾಸ್ತ 6.24ಕ್ಕೆ. ಆಮೇಲೂ ಇಪ್ಪತ್ತು ನಿಮಿಷ ದಾರಿ ಕಾಣುವಷ್ಟು ಬೆಳಕಿರುತ್ತದೆ. ನಾಲ್ಕೂವರೆಯಿಂದ ಐದೂವರೆ ಕ್ಲಾಸ್ ಇಟ್ಟರೆ, ಐದೂಮುಕ್ಕಾಲಿಗೆ ಬಸ್ ಸಿಕ್ಕರೆ, ಅರ್ಧ ಗಂಟೆ ದೂರದ ಮಕ್ಕಳು ಬೆಳಕಿನಲ್ಲೇ ಮನೆ ಸೇರುತ್ತಾರೆ. ಅದಕ್ಕಿಂತ ದೂರದವರಿಗೆ ಮಾತ್ರ ಬೇರೆ ಏರ್ಪಾಡು ಬೇಕು. ಬೆಳಿಗ್ಗೆಯೇ ಇಡಬೇಕು ಅಂದರೆ ಜನವರಿ, ಫೆಬ್ರವರಿಯಲ್ಲಿ ಅರ್ಧ ಗಂಟೆ ತಡವಾಗಿ ಶುರು ಮಾಡಲಿ. ಫೆಬ್ರವರಿ ಕೊನೆಗೂ ಸೂರ್ಯೋದಯ 6.45ಕ್ಕೇ. ತಿಂಗಳವಾರು ಸೂರ್ಯೋದಯ ಸೂರ್ಯಾಸ್ತದ ಪಟ್ಟಿಯನ್ನು ನಾನು ಬರೆದು ಕಳಿಸುತ್ತೇನೆ, ಅರ್ಜಿಯ ಜೊತೆ ಲಗತ್ತಿಸಿ.

ಹೊಸನಗರ ಅಮ್ಮ

ಕಳಿಸಿ ಮೇಷ್ಟ್ರೇ. ಹೊಸನಗರ, ರಿಪ್ಪನ್‌ಪೇಟೆ, ನಗರ ಕಡೆಯ ಹೆತ್ತವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಊರಿನ ಬೆಳಗಿನ ಮೊದಲ ಬಸ್ಸು, ಸಂಜೆಯ ಕೊನೆ ಬಸ್ಸಿನ ಸಮಯ ಇಲ್ಲಿ ಬರೆಯಿರಿ. ರಸ್ತೆಯಿಂದ ಮನೆಗೆ ಮಕ್ಕಳು ಎಷ್ಟು ದೂರ ನಡೆಯುತ್ತಾರೆ ಅನ್ನುವುದನ್ನೂ ಬರೆಯಿರಿ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಮೊದಲು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಸೇರಿಸುತ್ತೇನೆ.